ವಸ್ತ್ರದ ಕೆಳಗಿನ ಕೈ

ಪಿ.ಬಿ. ರೋಡಿನ ಶೋರೂಮಿನಾಗ
ಚಪ್ಪಲಿ ಹೊರಗ ಬಿಟ್ಟು ಬಂದವ ನಮ್ಮಪ್ಪ ಒಬ್ಬನ.
'ಹಾಕ್ಕೊಂಡ ಬರ್ರಿ ಅಜ್ಜಾರ' ಅಂದ್ರೂ ಕೇಳಲಿಲ್ಲ,
ಫರಸಿ ಮ್ಯಾಲ ಬರಿಗಾಲಲೆ ನಡದು
ನೀಲಿ ಸ್ಕೂಟರಿಗೆ ಒಂದ ಸುತ್ತು ಹಾಕಿದ.
ಹೆಡ್‌ಲೈಟು ನೋಡಿದ, ಹಲ್ಲು ನೋಡಿದಂಗ.
ಸೀಟಿನ ಮ್ಯಾಲ ಅಂಗೈ ಊರಿ ಒತ್ತಿದ,
ಬೆನ್ನು ತಗ್ಗತೈತೋ ಹೆಂಗ ಅಂತ.
ಹಿಂದಿನ ಗಾಲಿ ತಟ್ಟೂ ಮುಂದ
ಒಂದ ಹೆಜ್ಜಿ ಸರದು ನಿಂತ,
ಒದ್ದೀತು ಅಂತ.

ಹುಡುಗನ ಎದಿ ಮ್ಯಾಲ ಹೆಸರಿತ್ತು: ಅಭಿಷೇಕ ಕರ್ಜಗಿ.
'ಕರ್ಜಗಿಯೊಳಗ ಯಾರ ಪೈಕಿ?' ಅಂದ ಅಪ್ಪ.
ಹುಡುಗ ಕೊಟೇಶನ್ನಿನ ಹಾಳಿ ನನ್ನ ಕಡೆ ತಿರುವಿ ಇಟ್ಟ.

ಎಕ್ಸ್ ಶೋರೂಮ್ ಎಂಬತ್ತೆಂಟು ಸಾವಿರದ ನಾನೂರು.
ಆರ್‌ಟಿಓ, ಇನ್ಶೂರೆನ್ಸು, ಅದರ ಕೆಳಗ ಮತ್ತೊಂದು ಇನ್ಶೂರೆನ್ಸು,
ಗಾರ್ಡು, ಮ್ಯಾಟು, ಬಣ್ಣಕ್ಕ ಮ್ಯಾಲೊಂದು ಬಣ್ಣ,
ಹ್ಯಾಂಡ್ಲಿಂಗ್ ಚಾರ್ಜು ಹದಿನೆಂಟು ನೂರು.
'ಅದೇನು?' ಅಂದೆ.
'ಗಾಡಿ ಇಲ್ಲಿಗೆ ತಂದದ್ದು ಮೇಡಂ.'
'ಇಲ್ಲಿಗೆ ತರದನ ಎಲ್ಲಿ ಮಾರವ್ರಿದ್ರಿ?'
ಅವ ನಕ್ಕ. ಗೆರಿ ಹೊಡೀಲಿಲ್ಲ.

ನಾನು ಜಿಲ್ಲಾ ಆಸ್ಪತ್ರಿ ಲ್ಯಾಬಿನಾಕಿ,
ದಿನಕ್ಕ ಅರವತ್ತು ಮಂದಿ ಕೈ ಹಿಡದು ನರ ಹುಡುಕಾಕಿ.
ರೊಕ್ಕ ನಂದು, ಮೂರು ವರ್ಷದ ಭಿಶಿ ಎತ್ತಿದ್ದು.
ಅಪ್ಪನ್ನ ಕರದದ್ದು ಸುಮ್ಮನ, ಜೋಡಿಗಿರಲಿ ಅಂತ.
ಆದ್ರ ಹಾವೇರಿ ದನದ ಪ್ಯಾಟ್ಯಾಗ
ನಲವತ್ತು ವರ್ಷ ದಲಾಲಿ ಮಾಡಿದವ
ಸುಮ್ಮನ ಹೆಂಗ ಕುಂತಾನು?

ಹೆಗಲ ಮ್ಯಾಲಿನ ವಸ್ತ್ರ ತಗದ. ಝಾಡಿಸಿದ.
ಮೇಜಿನ ಮ್ಯಾಲ, ಕ್ಯಾಲ್ಕುಲೇಟರಿನ ಮ್ಯಾಲ, ಹಾಸಿ
ಅದರ ಕೆಳಗ ತನ್ನ ಬಲಗೈ ಸರಿಸಿ
'ಕೊಡು ತಮ್ಮಾ, ಕೈ' ಅಂದ.

ಎಸಿ ಸಪ್ಪಳ ಅಷ್ಟ ಕೇಳತಿತ್ತು.
ಚಾ ಹಿಡಕೊಂಡ ಬಂದಾಕಿ ಅಲ್ಲೇ ನಿಂತಳು.
ಗಾಜಿನ ಕೋಣ್ಯಾಗ ಮ್ಯಾನೇಜರು
ಕಿವಿಯಿಂದ ಫೋನ್ ತಗದ.
ನಾನು ನೆಲ ನೋಡಿದ್ರ
ಅಲ್ಲೂ ಅಪ್ಪನ ಬರಿಗಾಲು.

ಹುಡುಗ ಅತ್ತಿತ್ತ ನೋಡಿ, ಪಾಪ, ಕೈ ಒಳಗಿಟ್ಟ.
ವಸ್ತ್ರ ಅಲುಗಿತು.
ಒಂದು ಬೆರಳು ಹಿಡದ್ರ ಎಷ್ಟು, ಎರಡು ಮಡಚಿದ್ರ ಎಷ್ಟು,
ಆ ಲೆಕ್ಕ ನನಗ ಎಂದೂ ಹೇಳಿಕೊಟ್ಟವನಲ್ಲ.
ಗಂಡಸರ ಭಾಷೆ ಅದು, ಬಾಯಿಲ್ಲದ್ದು.
ಅಪ್ಪನ ಮುಖ ಅಷ್ಟ ನೋಡಿದೆ:
ಹುಬ್ಬು ಮ್ಯಾಲ ಹೋತು. ಕೆಳಗಿಳೀತು.
ಆಮ್ಯಾಲ ಸ್ವಲ್ಪ ಹೊತ್ತು ಏನೂ ಇಲ್ಲ,
ಖಾಲಿ ಗ್ವಾದ್ಲಿ ನೋಡಿದವರ ಮುಖದಂಗ.

ವಸ್ತ್ರ ತಗದು ಹೆಗಲಿಗೆ ಹಾಕ್ಕೊಂಡ.
'ರೊಕ್ಕ ಕೊಡವಾ' ಅಂದ ನನಗ. ಅಷ್ಟ.

ನಾನು ಬಿಡಲಿಲ್ಲ. ಬಣ್ಣದ ಮ್ಯಾಲಿನ ಬಣ್ಣ ತಗಸಿದೆ,
ಎರಡನೇ ಇನ್ಶೂರೆನ್ಸು ತಗಸಿದೆ,
ಹೆಲ್ಮೆಟ್ಟು ಎರಡು ಕೇಳಿ ಒಂದು ಗಿಟ್ಟಿಸಿದೆ.
ಹ್ಯಾಂಡ್ಲಿಂಗು ಹಂಗ ಉಳೀತು.

ಮೆಟ್ಟಿಲ ಮ್ಯಾಲ ಚಪ್ಪಲಿ ಮೆಟ್ಟೂ ಮುಂದ ಕೇಳಿದೆ:
'ಯಾಕ ಬಿಟ್ಟಿ?'
'ಅವನ ಕೈ ತಣ್ಣಗಿತ್ತು' ಅಂದ.
'ದರ ಮುಚ್ಚಿಟ್ಟ ಕೈ ನನಗ ಗೊತ್ತಾಗತೈತಿ.
ಬಿಗಿ ಇರತೈತಿ ಅದು, ಬೆವರತೈತಿ.
ಈ ಹುಡುಗನ ಕೈಯಾಗ ದರಾನ ಇರಲಿಲ್ಲ.
ಯಾರೋ ಎಲ್ಲೋ ಕುಂತು ಬರದು ಕಳಿಸ್ಯಾರ.
ಹಂತಾ ಕೈ ಒತ್ತಿದ್ರ ಏನ ಬರತೈತಿ?'

ನರ ಸಿಗದ ಕೈ ನಾನೂ ಹಿಡದೀನಿ.
ಮರುಮಾತು ಆಡಲಿಲ್ಲ.

ನಾಕು ದಿನಕ್ಕ ಗಾಡಿ ಬಂತು. ಗಾಲಿ ಕೆಳಗ ಲಿಂಬಿಹಣ್ಣು.
ಅಪ್ಪ ಹಿಂದ, ಎರಡೂ ಕಾಲು ಒಂದ ಕಡೆ ಹಾಕಿ ಕುಂತ,
ಇದ್ದೊಂದು ಹೆಲ್ಮೆಟ್ಟು ನನಗ ಕೊಟ್ಟು
ತಾನು ತಲಿಗೆ ವಸ್ತ್ರ ಸುತ್ತಿದ.

ದನದ ಪ್ಯಾಟಿ ದಾಟೂ ಮುಂದ
ಅವನ ಬೆರಳು ನನ್ನ ಹೆಗಲು ಒತ್ತಿದ್ವು,
ಮೊದಲ ಮೂರು, ಆಮ್ಯಾಲ ಐದೂ.
'ಎಷ್ಟಪಾ ಅದು?' ಅಂತ ಗಾಳ್ಯಾಗ ಕೂಗಿದೆ.
'ಎಷ್ಟೂ ಇಲ್ಲ. ಹಂಪ್ ಬಂತು, ಹಿಡಕೊಂಡೆ.
ಮುಂದ ನೋಡಿ ಹೊಡಿ.'