ನಾಕು ಇಂಚು ಕೆಳಗ

ಮೊದಲನೆಯವ ಕಾರಿನಾಗ ಬಂದ.
ಬೂಟು ಕಳೀದೇ ಅಡಗಿಮನಿ ಹೊಕ್ಕು
ಮೊಬೈಲಿನಾಗ ನಾಕು ಫೋಟೋ ತೋರಿಸಿದ.
ಒಂದರಾಗೂ ಎಣ್ಣಿ ಡಬ್ಬಿ ಇರಲಿಲ್ಲ,
ಒಬ್ಬಾಕಿ ಹೆಣ್ಮಗಳೂ ಇರಲಿಲ್ಲ.
‘ಎಲ್ಲಾ ಒಡದ ಹಾಕೋಣ ಮೇಡಮ್,
ಮಾಡ್ಯುಲರ್ ಕೂಡಿಸೋಣ, ಮೂರೂವರಿ ಲಕ್ಷ.’
ಅಂವ ಹೋದ ಮ್ಯಾಲ
ಫರಸಿ ಮ್ಯಾಲಿನ ಬೂಟಿನ ಗುರುತು ಒರಸಿದೆ.

ಎರಡನೆಯವ ಶಾಬಜಾರದವ, ಗುರುತಿನವ,
ತಮ್ಮನ ಹೆಂಡತಿ ತವರಿನ ಕಡೆ.
ರೇಟು ಕೇಳಿದ್ರ
‘ನಿಮಗ ಹೆಚ್ಚಿಗಿ ಹಚ್ಚತೀನೇನ್ರಿ’ ಅಂದ.
ಆ ಮಾತು ನಾ ಬಲ್ಲೆ.
ಇಪ್ಪತ್ತೊಂದು ವರ್ಷ ಆಳಂದ ರೂಟಿನಾಗ ಟಿಕೀಟು ಹರದಾಕಿ ನಾನು.
‘ಇಳಿಯೋ ಮುಂದ ಕೊಡ್ತೀನಿ ತಗೋ ಅಕ್ಕಾ’ ಅಂದವ
ಹಿಂದಿನ ಬಾಗಿಲಿಂದ ಇಳದಿರತಾನ.

ಮೂರನೆಯವ ಎಕ್ಸೆಲ್ ಗಾಡಿ ಮ್ಯಾಲ ಬಂದ,
ಮಿಜಗುರಿಯ ಬಂದಗೀಸಾಬ ಗೌಂಡಿ.
ಬೆರಳು ಮಡಚಿ ಗೋಡಿಗೆ ಬಡದ,
ಕಿವಿ ಇಟ್ಟ,
ಒಂದು ಮಾರು ಸರದು ಮತ್ತ ಬಡದ.
‘ಇದನ್ನ ಮುಟ್ಟೋದು ಬ್ಯಾಡ್ರಿ, ಮಾಳಗಿ ಭಾರ ಇದರ ಮ್ಯಾಲದ.’
ಚಾ ಬ್ಯಾಡಂದ, ನೀರು ಬೇಡಿ ಕುಡದ.
ಆಮ್ಯಾಲ ಕೇಳಿದ:
‘ಬಾಯಾರ, ನೀವೇ ಏನ್ರಿ ರೊಟ್ಟಿ ಬಡಿಯೋರು?
ಇಲ್ಲಿ ನಿಂದರ್ರಿ. ಬಡೀರಿ, ನೋಡೋಣ.’

ಹಿಟ್ಟಿಲ್ಲ, ಹಂಚಿಲ್ಲ.
ಖಾಲಿ ಕಟ್ಟಿ ಮ್ಯಾಲ ನಾಚಿಕೊಂತ
ಅಂಗೈ ತಿರುವಿದೆ, ಟಪ ಟಪ.
ಅಂವ ಕೈ ನೋಡಲಿಲ್ಲ, ಮೊಣಕೈ ನೋಡಿದ,
ಹೆಗಲು ಏರೋದು ನೋಡಿದ,
ಮುಟ್ಟದೇ, ದೂರಿಂದ ಟೇಪು ಹಿಡದು ಅಳದ.
‘ಒಲಿಗೆ ಈ ಎತ್ತರ ನಡೀತದ.
ಬಡಿಯೋ ಜಾಗಾ ನಾಕು ಇಂಚು ಕೆಳಗ ಬೇಕ್ರಿ.
ರಾತ್ರಿ ಹೆಗಲು ನೋಯತಾವಲ್ಲ?’

ಬಸ್ಸಿನ ರಾಡು ಹಿಡದು ಹಿಡದು ನೋವು, ಅಂದಿದ್ರು ಡಾಕ್ಟರು.
ನಾನೂ ಹಂಗೇ ತಿಳಕೊಂಡಿದ್ದೆ.
ನನಗ ಮನಿ ಮಾರಿದ ರೇಲ್ವೆ ಗಾರ್ಡು ಆರಡಿ ಆಸಾಮಿ,
ಒಬ್ಬನೇ ಅನ್ನಾ ಬೇಯಿಸಿಕೊಂಡು ಉಣ್ಣತಿದ್ದ.
ಅವನ ಟೊಂಕದ ಅಳತೀಗೆ
ಹನ್ನೊಂದು ವರ್ಷ ನಾನು ರೊಟ್ಟಿ ಬಡದೀನಿ.

‘ನಿಮಗ ಹ್ಯಾಂಗ ಗೊತ್ತಾತು?’
‘ನಮ್ಮಾಕಿ ಖಾನಾವಳಿಗೆ ದಿನಾ ಮುನ್ನೂರು ಬಡೀತಾಳ್ರಿ.’
‘ಆಕಿ ಕಟ್ಟಿ ಎಷ್ಟು ಎತ್ತರ?’
ಟೇಪು ಸರ್ರಂತ ಡಬ್ಬಿ ಒಳಗ ಹೋತು.
‘ಕಟ್ಟಿ ಎಲ್ಲಿದ್ರಿ, ನೆಲದ ಮ್ಯಾಲೇ.’

ಜೆಸ್ಕಾಂ ಬಿಲ್ಲಿನ ಹಿಂದ ಬರಕೊಟ್ಟ:
ಶಹಾಬಾದಿ ಫರಸಿ, ಉಸುಕು, ಸಿಮೆಂಟು,
ಇಬ್ಬರು ಹೆಣ್ಣಾಳು, ಒಬ್ಬ ಗಂಡಾಳು, ಹದಿನೈದು ದಿನ.
ಇಸಾರಾ ಹನ್ನೆರಡು ಸಾವಿರ
ಉಗುಳು ಹಚ್ಚಿ ಎರಡು ಸಲ ಎಣಿಸಿ ಕೊಟ್ಟೆ.

ಹದಿನೈದು ಮೂವತ್ನಾಕಾತು.
ಉರುಸಿಗೆ ಹೋದ. ಜೇವರ್ಗಿ ಸಾಲಿ ಕೆಲಸಕ್ಕ ಹೋದ.
ಫೋನು ಸ್ವಿಚ್ ಆಫ್.
ಅಂಗಳದಾಗ ಮೂರು ಇಟ್ಟಂಗಿ ಹೂಡಿ ಅಡಗಿ ಮಾಡಿದೆ,
ಕಲಬುರಗಿ ಬಿಸಲು ಹಂಚಿನಕಿಂತ ಮೊದಲ ಕಾಯತಿತ್ತು.
ಡ್ಯೂಟಿಗೆ ಹೋಗಿ ಅವನ ಸಿಟ್ಟು ಪ್ಯಾಸೆಂಜರ್ ಮ್ಯಾಲ ತೀರಿಸಿದೆ.
ನಳದ ಜೋಡಣಿ ಓರೆ ಕೂಡಿಸ್ಯಾನ, ಈಗೂ ತಟಕತದ.
ಯಾರರೆ ಕೇಳಿದ್ರ ನಂಬರು ಕೊಡತೀನಿ,
ಪೂರಾ ರೊಕ್ಕ ಮೊದಲೇ ಕೊಡಬ್ಯಾಡ್ರಿ ಅಂತನೂ ಅಂತೀನಿ.

ಕಡೀ ದಿನ ಒಂದು ಫರಸಿ ತುಂಡು ಉಳದಿತ್ತು,
ಎರಡೂವರಿ ಫೂಟು, ಒಂದು ಮೂಲಿ ಚೂರು ಹೋಗಿತ್ತು.
‘ಇದು ನಿಮಗ ಬೇಕೇನ್ರಿ?’
ಅಂದವ ಟೇಪು ತಗೀಲಿಲ್ಲ.
ಗಾಳಿಯಾಗ ಒಂದು ಕಡೆ ಅಂಗೈ ಇಟ್ಟು ನಿಂತ,
ತನ್ನ ಟೊಂಕಕಿಂತ ಒಂದು ಗೇಣು ಕೆಳಗ,
ಅಲ್ಲಿ ಯಾರೋ ನಿಂತಾರ ಅನ್ನೋಹಂಗ.

ಗಾಡಿಗೆ ಹಗ್ಗ ಬಿಗೀತಾ ಅಂದ,
‘ಕಲ್ಲಿನ ರೊಕ್ಕ ಮಜೂರ್ಯಾಗ ಮುರಕೋರಿ.’
ಚಿಲ್ಲರಿಲ್ಲ ಹೋಗಪಾ, ಅಂದೆ.

ಚೀಲದಾಗ ಇತ್ತು.