ಎರಡನೇ ಕೀ

ಬೆಲ್ಲದ ಮಂಡಿ ಹೊನ್ನಗಿರಿಗೌಡರ ಕಾರು
ಗುತ್ತಲು ರಸ್ತೆಯ ನನ್ನ ಶೆಡ್ಡಿಗೆ ಬಂದದ್ದು
ಕಾರ್ಖಾನೆ ಕಬ್ಬು ನುರಿಸತೊಡಗಿದ ವಾರ,
ಮಂಡ್ಯಕ್ಕೆ ಮಂಡ್ಯವೇ ಕಾಕಂಬಿ ನಾರುತ್ತಿದ್ದಾಗ.

"ಗುಂಡಿ ಒತ್ತುದ್ರೆ ಮೂರು ಬಾಗ್ಲು ಮಾತು ಕೇಳ್ತವೆ, ಬೋರಲಿಂಗ.
ಎಡಗಡೆ ಮುಂದಿಂದು ಕೇಳಕಿಲ್ಲ.
ಒಂದೊಂದ್ಸಲ ಹಂಪ್ ಹತ್ತುದ್ರೆ ತಾನೇ ತೆಕ್ಕತದೆ,
ಒಂದೊಂದ್ಸಲ ಏನ್ ಮಾಡುದ್ರೂ ಊಂ ಅನ್ನಕಿಲ್ಲ."

ಎಡಗಡೆ ಮುಂದಿನದು ತಮ್ಮ ಕೂರುತ್ತಿದ್ದ ಜಾಗ.
ಅವರು ಹೇಳಲಿಲ್ಲ, ಸೀಟು ಹೇಳಿತು:
ಪೂರ್ತಿ ಹಿಂದಕ್ಕೆ ಸರಿದು ನಿಂತಿತ್ತು
ಉದ್ದ ಕಾಲಿನವನ ಅಳತೆಗೆ.

ಬಾಗಿಲ ಹೊದಿಕೆಯನ್ನು ಕೆಳಗಿನಿಂದ ಎಬ್ಬಿಸಿದೆ,
ಕ್ಲಿಪ್ಪು ಮುರಿಯದ ಹಾಗೆ, ಹಾಲ ಕೆನೆ ಎತ್ತುವ ಹಾಗೆ.
ಒಳಗೆ ಇರುವೆಯ ದಂಡು.
ಜೇಬಿನಲ್ಲಿ ಪೇಪರು ಸುತ್ತಿದ ಸ್ಯಾಂಪಲ್ ಬೆಲ್ಲ,
ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಊರು:
ಕೊತ್ತತ್ತಿ, ಕೀಲಾರ, ಬಸರಾಳು, ಹೊಳಲು.
ದುಂಡು ಅಕ್ಷರ. ಗೌಡರದಲ್ಲ,
ಗೌಡರ ಸಹಿ ನೇಗಿಲು ಎಳೆದಂತಿರುತ್ತದೆ.

ಮೋಟಾರು ಬಿಚ್ಚಿ ಬ್ಯಾಟರಿಗೆ ನೇರ ಮುಟ್ಟಿಸಿದೆ.
ಟಕ್.
ತಂತಿ ತಿರುವಿ ಮುಟ್ಟಿಸಿದೆ.
ಟಕ್.
ಮೋಟಾರು ಸತ್ತಿಲ್ಲ. ಇರುವೆಯ ಮೇಲೂ ತಪ್ಪಿಲ್ಲ.

ಬಾಗಿಲಿಗೂ ಕಂಬಕ್ಕೂ ನಡುವೆ ಒಂದು ರಬ್ಬರ್ ತೋಳು,
ತೆರೆದಾಗ ನಿಗುರಿ, ಮುಚ್ಚಿದಾಗ ಮಡಚಿ,
ಒಳಗೆ ವೈರುಗಳ ಕಟ್ಟು. ತೋಳು ಸರಿಸಿದೆ.
ಹಸಿರು ವೈರು ನೋಡಲು ನೆಟ್ಟಗೇ ಇತ್ತು,
ಬೆರಳಲ್ಲಿ ಹಿಡಿದೆಳೆದರೆ ಹಿಗ್ಗಿತು:
ಮೇಲಿನ ಪ್ಲಾಸ್ಟಿಕ್ಕು ಗಟ್ಟಿ,
ಒಳಗಿನ ತಾಮ್ರ ಕಡಿದು ಎಷ್ಟು ದಿನವಾಗಿತ್ತೋ.

ಆಲೆಮನೆ ಆಲೆಮನೆಗೆ ಇಳಿದು, ಮುರಿದು, ಮೂಸಿ, ಹತ್ತಿ
ದಿನಕ್ಕೆ ನಲವತ್ತು ಸಲ ಬಡಿಸಿಕೊಂಡ ಬಾಗಿಲು.
ಬಲಗಡೆಯ ತೋಳೂ ನೋಡಿದೆ.
ಹೊಸದರ ಹಾಗಿತ್ತು.

ಗೇಣುದ್ದ ವೈರು ಸೇರಿಸಿ ಬೆಸೆಯಲು ಕೂತಾಗ
"ಮುದಸ್ಸಿರ್, ಸ್ಲೀವು ಮೊದಲೇ ತೂರ್ಸೋ,
ಬೆಸೆದ್ಮೇಲೆ ನೆಪ್ಪಾದ್ರೆ ಮತ್ತೆ ಕೀಳ್ಬೇಕಾಯ್ತದೆ" ಅಂದೆ.
ಹುಡುಗನ ಬಾಯಲ್ಲಿ ಬೆಲ್ಲವಿತ್ತು, ತಲೆಯಾಡಿಸಿದ.

ಗೌಡರು ಟೀ ಲೋಟ ಕೆಳಗಿಟ್ಟರು.
"ಇನ್ನೊಂದು ಕೀ ಚೆಲುವರಾಜನ ತಾವು ಅದೆ.
ಅದ್ನ ಅಳಿಸಾಕು."
"ಭಾಗ ಆಯ್ತಾ?"
"ಗದ್ದೆ ಅವುನ್ಗೆ, ಮಂಡಿ ನಂಗೆ. ಕಾರೂ ನಂಗೆ."

"ಅಳಿಸೋದು ಅಂತ ಇಲ್ಲ ಗೌಡ್ರೆ.
ಪಟ್ಟಿ ಹೊಸದಾಗಿ ಬರೀಬೇಕು.
ಎದುರ್ಗಿರೋ ಕೀಯ ಕಾರಿಗೆ ತೋರುಸ್ತೀನಿ,
ತೋರುಸ್ದೆ ಇದ್ದುದ್ನ ಅದೇ ಮರೀತದೆ."

ಅವರು ರಸ್ತೆ ನೋಡಿದರು.
ಕಬ್ಬಿನ ಟ್ರ್ಯಾಕ್ಟರು ಹೋಯಿತು,
ಹಿಂದೆ ಜಲ್ಲೆ ಕಿತ್ತುಕೊಂಡು ಇಬ್ಬರು ಹುಡುಗರು ಓಡಿದರು.
"ಮಾಡು."

ಯಂತ್ರ ಜೋಡಿಸಿ, ಕೀ ಹಾಕಿ, ತಿರುವಿ, ತೆಗೆದು,
ಗುಂಡಿ ಒತ್ತಿ ಹಿಡಿದೆ. ದೀಪ ಎರಡು ಸಲ ಮಿಟುಕಿತು.
ನಾಲ್ಕು ಬಾಗಿಲೂ ಒಂದೇ ಉಸಿರಿಗೆ
ಟಕ್.

"ಈಗ ಅವುನ್ ಕೀ ಏನೂ ಮಾಡಕಿಲ್ವಾ?"
"ಗುಂಡಿ ಸತ್ತಂಗೆ. ಎಂಜಿನ್ನೂ ಹತ್ತಕಿಲ್ಲ.
ಆದ್ರೆ ಕಬ್ಬಿಣ ಅದೇ ಅಲ್ವಾ, ಅದೇ ಹಲ್ಲು.
ತೂತಿಗೆ ಹಾಕಿ ತಿರುಗುಸುದ್ರೆ ಬಾಗ್ಲು ತೆಕ್ಕತದೆ.
ಬಂದು ಕೂರ್ಬೌದು. ಹೊರಡಕ್ಕಾಗಕಿಲ್ಲ.
ಅದೂ ಬ್ಯಾಡ ಅಂದ್ರೆ ಬೀಗಾನೇ ಬದಲಾಯಿಸ್ಬೇಕು,
ಸಾವಿರದೆಂಟುನೂರು."

ಸಾವಿರದೆಂಟುನೂರು ಇಲ್ಲದವರಲ್ಲ ಗೌಡರು.
"ಇರ್ಲಿ ಬುಡು" ಅಂದರು.

ಪೊಟ್ಟಣಗಳನ್ನು ತೋರಿಸಿದೆ.
"ಇರುವೆ ಕೊಡವಿ ಅಲ್ಲೇ ಮಡಗು."

ನನ್ನ ಬಿಲ್ಲಿನಲ್ಲಿ ಎಂಬತ್ತು ರೂಪಾಯಿ ಮುರಿದುಕೊಂಡೇ ಹೋದರು.
ತಿರುವಿನಲ್ಲೊಂದು ಹಂಪು.
ಬೆಸುಗೆಯ ಕಡ್ಡಿ ಕೈಯಲ್ಲೇ ಇತ್ತು, ಕಿವಿಗೊಟ್ಟು ನಿಂತೆ:
ಕಾರು ಎದ್ದು ಬಿತ್ತು,
ಬಾಗಿಲು ತೆರೆಯಲಿಲ್ಲ.