ಎರಡನೇ ಸಲದ ಗೆರೆ

ಉಪ್ಪಳ ಗೇಟಿನಾಚೆ ಬಾತಿಷನ ಗ್ಯಾರೇಜು.
"ಇಂಜಿನ್ ಆಫ್ ಮಾಡ್ಬೇಡಿ ಟೀಚರೇ,
ಇದು ಆ ಎಣ್ಣೆ ಅಲ್ಲ,
ಓಡುವಾಗಲೇ ನೋಡಬೇಕು."

ಬ್ರೇಕಿನ ಮೇಲೆ ಕಾಲು. ಪಿ, ಆರ್, ಎನ್, ಡಿ,
ಒಂದೊಂದರಲ್ಲೂ ಒಂದು ಉಸಿರು ತಂಗಿ
ಮತ್ತೆ ಪಿ. ಅಷ್ಟರಲ್ಲಿ ಅವನು
ಹುಡುಗನಿಗೆ ಮಲಯಾಳದಲ್ಲಿ ಬೈದು
ಸ್ಕೂಟರಿನವಳಿಗೆ ತುಳುವಿನಲ್ಲಿ ರೇಟು ಹೇಳಿ
ನನ್ನ ಕನ್ನಡಕ್ಕೆ ವಾಪಸ್ಸು.
ಕ್ಲಚ್ಚೇ ಇಲ್ಲ.

ಕಡ್ಡಿ ಎಳೆದ. ಬಗ್ಗಿದೆ.
"ಇದಲ್ಲ. ಮೊದಲನೆಯದು ಸುಳ್ಳು ಹೇಳ್ತದೆ."
ನೂಲು ಬಿಡದ ಬಟ್ಟೆಯಲ್ಲಿ ಒರೆಸಿ
ಪೂರ್ತಿ ಇಳಿಸಿ ಮತ್ತೆ ಎಳೆದ:
ಬಿಸಿ ಗೆರೆಗಿಂತ ಕಿರುಬೆರಳಗಲ ಕೆಳಗೆ
ಪುನರ್ಪುಳಿ ಶರಬತ್ತಿನ ಕೆಂಪು.

ಮೂಸಿದ. ನನ್ನ ಮೂಗಿಗೂ ಹಿಡಿದ.
ಸುಟ್ಟ ವಾಸನೆಯಿಲ್ಲ.
"ಅರ್ಧ ಲೋಟ ಸಾಕು."

ಗೇರ್‌ಬಾಕ್ಸೇ ಹೋಯಿತೆಂದು
ನಿನ್ನೆ ಬಳೆ ಅಡವಿಟ್ಟ ಚೀಟಿ
ಪರ್ಸಿನಲ್ಲಿ.